ಅಮ್ಮ ತುಳಿಯದ ಕಲ್ಲುಗಳು

ಹೋದ ವರ್ಷ ರಜೆಗೆ ಅಮ್ಮನನ್ನು ಇಟಲಿಗೆ ಕರೆದುಕೊಂಡು ಹೋಗಿದ್ದೆ. ಒಂದು ಹಳೆಯ ಕ್ರೈಸ್ತ ಮಠದ ಚರ್ಚಿನಲ್ಲಿ ನೆಲದ ತುಂಬ ಹೆಸರು ಕೆತ್ತಿದ ಕಲ್ಲುಗಳಿದ್ದವು. ಅವು ಸನ್ಯಾಸಿಗಳ ಸಮಾಧಿಗಳೆಂದು ಹೇಳಿದ್ದೇ ತಡ, ಅಮ್ಮ ಗೋಡೆಗೆ ಒತ್ತಿಕೊಂಡು ನಿಂತಳು.

"ಎಲ್ಲರೂ ಓಡಾಡ್ತಿದಾರಲ್ಲಮ್ಮ, ಬಾ," ಎಂದೆ.

"ಬೇಡ ಕಣೇ. ದೊಮ್ಮಲೂರಲ್ಲಿ ನಮ್ಮಪ್ಪನ್ನ ಹೊಲದಲ್ಲೇ ಮಣ್ಣು ಮಾಡಿದ್ವಿ. ಆಮೇಲೆ ಹೊಲ ರಸ್ತೆಗೆ ಹೋಯ್ತು. ಈಗ ದಿನಾ ಅವರ ಮೇಲೆ ಬಸ್ಸು ಓಡಾಡುತ್ತೆ. ನಾನು ಯಾರನ್ನೂ ತುಳಿಯಲ್ಲ."

ಆ ವಿಷಯ ನನಗೆ ಗೊತ್ತೇ ಇರಲಿಲ್ಲ. ಅದೇ ರಸ್ತೆಯಲ್ಲಿ ಹತ್ತು ವರ್ಷ ಸ್ಕೂಟರಿನಲ್ಲಿ ಕೆಲಸಕ್ಕೆ ಹೋಗಿದ್ದೆ.

"ಯಾಕಮ್ಮ ಹೇಳ್ಲಿಲ್ಲ?" ಎಂದು ಕೇಳಿದೆ.

"ಹೇಳಿದ್ರೆ ನೀನು ಹೇಗೆ ಓಡಾಡ್ತಿದ್ದೆ?" ಎಂದಳು.

ಇಬ್ಬರೂ ಗೋಡೆಯ ಪಕ್ಕದಲ್ಲೇ ಒಂದು ಸುತ್ತು ಹಾಕಿ ಹೊರಬಂದೆವು. ಬಲಿಪೀಠದ ಮೇಲಿನ ಚಿತ್ರವನ್ನು ಹತ್ತಿರದಿಂದ ನೋಡಲಾಗಲಿಲ್ಲ.