ಪಂಚಮಿಗೆ ಬೇಕಾದ ಮುಂದಿನ ಗಾಜು

ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನಿಗೆ ಒಂದು ರೋಗ ಅಂಟಿಕೊಂಡಿರುತ್ತದೆ. ಹೆಚ್ಚುಕಡಿಮೆ ಸರಿ ಎನ್ನುವ ಉತ್ತರ ಕಂಡರೆ ಮೈ ಉರಿಯುತ್ತದೆ. ನಿವೃತ್ತನಾದ ಮೇಲೆ ಆ ಉರಿಯನ್ನು ತೋರಿಸಲು ಹುಡುಗರು ಸಿಗಲಿಲ್ಲ. ಹೆಂಡತಿಯ ಮೇಲೆ ತೋರಿಸೋಣವೆಂದರೆ ಅವಳು ನನಗಿಂತ ಜೋರು. ಹೀಗಾಗಿ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಇಪ್ಪತ್ತು ವರ್ಷದಿಂದ ನಿಂತಿದ್ದ ಅಜ್ಜನ ಕಾಲದ ಕಾರಿನ ಬೆನ್ನು ಹತ್ತಿದೆ.

ಕರೀ ಬಣ್ಣದ, ದುಂಡು ಮೂತಿಯ ಕಾರು. ಗೋಕಾಕದ ನಮ್ಮ ಓಣಿಗೆ ಬಂದ ಮೊದಲ ಕಾರು ಅದೇ. ಅವ್ವ ಹುಕ್ಕೇರಿಯಿಂದ ಹೊಸ ಸೊಸೆಯಾಗಿ ಬಂದದ್ದೂ ಅದರಲ್ಲೇ. ಎಂಜಿನ್ನಿಗೆ ಒಂದು ವರ್ಷ ಹಿಡಿಯಿತು, ತಗಡು ಮತ್ತು ಬಣ್ಣಕ್ಕೆ ಆರು ತಿಂಗಳು. ಕೊನೆಗೆ ಉಳಿದದ್ದು ಮುಂದಿನ ಗಾಜು. ಯಾವುದೋ ಕಾಲದಲ್ಲಿ ಕಬ್ಬಿನ ಟ್ರೇಲರ್ ಹಿಂದಕ್ಕೆ ಸರಿಯುವಾಗ ಗುದ್ದಿ ಅದು ಒಡೆದಿತ್ತು. ಆಮೇಲೆ ಅದರ ಸುತ್ತಲಿನ ಸಾಮಾನು ಯಾರ ಪಾಲಾಯಿತೋ ಗೊತ್ತಿಲ್ಲ. ಈಗಿನ ಕಾರಿನ ಹಾಗೆ ಇದಕ್ಕೆ ಒಂದೇ ಗಾಜಲ್ಲ, ಎರಡು. ತೆರೆದಿಟ್ಟ ಪುಸ್ತಕದ ಹಾಗೆ ನಡುವೆ ಕೂಡುತ್ತವೆ. ಕೂಡುವಲ್ಲಿ ಬೆರಳಗಲದ ಹೊಳೆಯುವ ಪಟ್ಟಿ. ಸುತ್ತಲೂ ಎರಡು ಸೀಳು ಇರುವ ರಬ್ಬರು, ಒಂದು ಸೀಳಿನಲ್ಲಿ ಗಾಜು ಕೂಡುತ್ತದೆ, ಇನ್ನೊಂದು ಸೀಳು ಕಾರಿನ ತಗಡನ್ನು ಕಚ್ಚಿ ಹಿಡಿಯುತ್ತದೆ.

ಆಷಾಢದ ಒಂದು ಮುಂಜಾನೆ ಅವ್ವ ಶೆಡ್ಡಿಗೆ ಬಂದು, ಗಾಜಿಲ್ಲದ ಕಿಂಡಿಯೊಳಗೆ ಕೈ ಹಾಕಿ ನೋಡಿ ಹೇಳಿದಳು: “ಈ ಸಲ ಪಂಚಮಿಗೆ ಕರಿಯಾಕ ಬರಬ್ಯಾಡ ಅಂತ ತಮ್ಮಗ ಫೋನ್ ಮಾಡಿ ಹೇಳೇನಿ. ನಾವ ಇದರಾಗ ಹೋಗೂಣು. ನಾ ಮುಂದ ಕುಂಡರಾಕಿ.”

ಅವ್ವನಿಗೆ ಎಂಬತ್ತೆರಡು. ನಾಗರಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗುವುದು ನಮ್ಮಲ್ಲಿ ತಪ್ಪದ ರೂಢಿ. ಹುಕ್ಕೇರಿಯಿಂದ ಸೋದರಮಾವ ಪ್ರತಿ ವರ್ಷ ಬಸ್ಸು ಹಿಡಿದು ಬಂದು ಅಕ್ಕನನ್ನು ಕರೆದುಕೊಂಡು ಹೋಗುತ್ತಿದ್ದ. ಅವನಿಗೇ ಈಗ ಮೊಣಕಾಲು ನೋವು. ಅವ್ವ ನನ್ನ ಹತ್ತಿರ ಬಾಯಿಬಿಟ್ಟು ಏನನ್ನಾದರೂ ಕೇಳಿದ್ದು ನನಗೆ ನೆನಪಿಲ್ಲ. ಕೇಳಿದ್ದು ಇದೊಂದೇ. ಮುಂದಿನ ವರ್ಷ ನೋಡೋಣ ಎಂದು ಎಂಬತ್ತೆರಡರ ಜೀವಕ್ಕೆ ಹೇಳಲು ನನಗೆ ಬಾಯಿ ಬರಲಿಲ್ಲ. ಶ್ರಾವಣದ ಮಳೆಯಲ್ಲಿ ಮುಂದಿನ ಗಾಜಿಲ್ಲದೆ ಅವಳನ್ನು ಕೂರಿಸುವಂತೆಯೂ ಇರಲಿಲ್ಲ. ಪಂಚಮಿಗೆ ಎಷ್ಟು ದಿನ ಉಳಿದಿದೆ ಎಂದು ಕ್ಯಾಲೆಂಡರಿನಲ್ಲಿ ಎಣಿಸಿದೆ.

ಹುಡುಕಾಟ ಶುರುವಾಯಿತು. ಗೋಕಾಕದ ಅಂಗಡಿಯವನು ಜೀಪಿನ ರಬ್ಬರು ತೋರಿಸಿದ. ಯಮಕನಮರಡಿಯಲ್ಲಿ ಹೆದ್ದಾರಿಯ ಬಾಜೂ ಲಾರಿ ಕೆಲಸ ಮಾಡುವವರಿದ್ದಾರೆಂದು ಅಲ್ಲಿಗೂ ಹೋದೆ. ಅಲ್ಲೊಬ್ಬ ಲಾರಿಯ ರಬ್ಬರನ್ನು ನನ್ನ ಕೈಗೆ ತುರುಕಿ, “ಹೆಚ್ಚುಕಡಿಮಿ ಕೂಡತೈತಿ ತಗೊಳ್ರಿ ಸರ್, ಯಾರ ನೋಡತಾರ?” ಎಂದ. ನಾನು ನೋಡುತ್ತೇನೆ ಎಂದೆ. ಅವನು ನನ್ನನ್ನೇ ಒಂದು ಗಳಿಗೆ ನೋಡಿ ಚಹಾ ತರಿಸಿದ.

ಮೂಡಲಗಿಯಲ್ಲಿ ಒಬ್ಬ ಮುದುಕ ಮಿಸ್ತ್ರಿ ಇದ್ದಾನೆ, ಹಳೇ ಗಾಡಿಯ ಸಾಮಾನನ್ನು ಎಸೆಯುವುದಿಲ್ಲ ಎಂದು ಚಹಾದ ನಡುವೆ ಅವನೇ ಹೇಳಿದ. ಮರುದಿನ ಮೂಡಲಗಿಗೆ ಹೋದೆ. ಮಿಸ್ತ್ರಿ ಟ್ರ್ಯಾಕ್ಟರಿಗೆ ಬಣ್ಣ ಹೊಡೆಯುತ್ತಿದ್ದ. ಡಬ್ಬಿಯಲ್ಲಿ ಬಣ್ಣ ಕಲಸುತ್ತಿದ್ದ ಕೋಲಿನ ಮೇಲೆ ನನ್ನ ಕಣ್ಣು ಬಿತ್ತು. ಅದರ ಬಾಗು ನನಗೆ ಗುರುತಿನದು. ಕೇಳಿ ತೆಗೆದುಕೊಂಡು ಚಾಕುವಿನಿಂದ ಕೆರೆದೆ. ಕೆಂಪು ಹೋಯಿತು, ಹಸಿರು ಹೋಯಿತು, ಅದರ ಕೆಳಗಿನ ನೀಲಿಯೂ ಹೋಯಿತು, ಆಮೇಲೆ ಬೆಳ್ಳಗೆ ಹೊಳೆಯಿತು. ನಡುವಿನ ಪಟ್ಟಿ. ನನ್ನ ಕಣ್ಣಲ್ಲಿ ನೀರೇ ಬಂತು, ನಾಚಿಕೆ ಯಾತಕ್ಕೆ.

“ಇಪ್ಪತ್ತ ವರ್ಷ ಬಣ್ಣಾ ಕಲಸೇನ್ರಿ ಅದರ್ಲೆ,” ಎಂದ ಮಿಸ್ತ್ರಿ. “ಈಗ ನಾ ಯಾತರ್ಲೆ ಕಲಸ್ಲಿ?” ನನ್ನ ಜೇಬಿನ ಒಂದಡಿ ಸ್ಕೇಲನ್ನು ಕೊಟ್ಟೆ. ಅವನು ಒಳಗೆ ಹೋಗಿ ತಗಡಿನ ಪೆಟ್ಟಿಗೆಯಿಂದ ಪೌಡರಿನಲ್ಲಿ ಮುಚ್ಚಿಟ್ಟಿದ್ದ ರಬ್ಬರಿನ ಸುರುಳಿ ತಂದ. ಅದೇ ಅಳತೆ, ಅದೇ ಎರಡು ಸೀಳು. “ಇದೊಂದ ಉಳದೈತ್ರಿ. ಕೂಡಸುಮುಂದ ಸಾಬಾಣದ ನೀರ ಅಷ್ಟ ಹಚ್ರಿ. ಎಣ್ಣಿ ಮಾತ್ರ ಮುಟ್ಟಸಬ್ಯಾಡ್ರಿ,” ಎಂದು ಎರಡು ಸಲ ಹೇಳಿದ. ನಾನು ಎರಡು ಸಲ ತಲೆಯಾಡಿಸಿದೆ. ಎಣ್ಣೆಯ ಮಾತನ್ನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ತಪ್ಪು ಅಲ್ಲಿಂದಲೇ ಶುರು.

ರಟ್ಟಿನಲ್ಲಿ ನಾನೇ ನಮೂನೆ ಕತ್ತರಿಸಿ, ಪೇಟೆಯಲ್ಲಿ ಎರಡೂ ಗಾಜು ಕೊಯ್ಯಿಸಿದೆ. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ಅವನ್ನು ತರಲು ಹೋಗಿಬರುವುದು, ಪಟ್ಟಿಗೆ ಹೊಳಪು ಕೊಡಿಸುವುದು ಎಂದು ಎರಡು ದಿನ ಓಡಾಡಿ ಶೆಡ್ಡಿಗೆ ಬಂದರೆ ರಬ್ಬರಿನ ಸುರುಳಿ ಹೊರಗೆ ಎತ್ತಿನ ಗೂಟಕ್ಕೆ ಜೋತುಬಿದ್ದಿತ್ತು. ಮಿರಮಿರ ಮಿಂಚುತ್ತಿತ್ತು. ಕೆಳಗೆ ಹನಿ ತೊಟ್ಟಿಕ್ಕುತ್ತಿತ್ತು. ಬಾಜೂ ನಮ್ಮ ಕಾಕಾ ಕೈ ಒರೆಸಿಕೊಳ್ಳುತ್ತ ಹೊಗಳಿಕೆಗೆ ಕಾಯುತ್ತ ನಿಂತಿದ್ದ.

ಕಾಕಾ ಅಪ್ಪನ ತಮ್ಮ, ಹುಟ್ಟಾ ರೈತ. ಕಾರಹುಣ್ಣಿವೆ ಹತ್ತಿರ ಬಂದಾಗ ಎತ್ತಿನ ತೊಗಲಿನ ಬಾರುಗಳಿಗೆಲ್ಲ ಶೇಂಗಾ ಎಣ್ಣೆ ಕುಡಿಸಿ ಮೆತ್ತಗೆ ಮಾಡುವುದು ಅವನ ಕೆಲಸ, ಅರವತ್ತು ವರ್ಷದಿಂದ ಬಿಟ್ಟಿಲ್ಲ. ಬೂದಿ ಬಳಿದ ಹಾಗೆ ಬಿರುಸಾಗಿ ಬಿದ್ದಿದ್ದ ರಬ್ಬರನ್ನು ನೋಡಿ ಅವನಿಗೆ ಮರುಕ ಹುಟ್ಟಿತ್ತು. ಪೌಡರು ಒರೆಸಿ, ಎರಡು ದಿನ ಎಣ್ಣೆ ತಿಕ್ಕಿ, ಎಳೆಬಿಸಿಲಿಗೆ ಹಾಕಿದ್ದ. ರಬ್ಬರು ಹಬ್ಬದ ಊಟ ಉಂಡವನ ಹೊಟ್ಟೆಯ ಹಾಗೆ ಉಬ್ಬಿ, ಮೊದಲಿಗಿಂತ ನಾಲ್ಕು ಬೆರಳು ಉದ್ದವಾಗಿತ್ತು.

ನಾನು ಚೀರಾಡಿದೆ. ಇಡೀ ಓಣಿಗೆ ಕೇಳಿರಬೇಕು. ಕಾಕಾ ತಣ್ಣಗೆ, “ತೊಗಲಾದ್ರೇನ, ರಬ್ಬರಾದ್ರೇನ ಮಾಸ್ತರ, ಒಣಗಿದ್ದಕ್ಕ ಎಣ್ಣಿ ಬೇಕಲ್ಲ?” ಎಂದ. ಆಮೇಲೆ ನನ್ನ ಮುಖ ನೋಡಿ ಎಣ್ಣೆಯ ಡಬ್ಬಿ ಎತ್ತಿಕೊಂಡು ಹೋದ. ಆ ರಾತ್ರಿ ಊಟಕ್ಕೆ ಬರಲಿಲ್ಲ. ಪಂಚಮಿಗೆ ನಾಲ್ಕು ದಿನ ಉಳಿದಿತ್ತು.

ಮುಂಜಾನೆ ಅವ್ವ ನನ್ನನ್ನು ಕರೆದು ಕೂರಿಸಿದಳು. “ಯಾವದರ ರಬ್ಬರ ಹಾಕು. ನನಗ ದಾರಿ ಕಂಡ್ರ ಸಾಕು.”

“ಸರಿಯಾದದ್ದ ಬೇಕವ್ವ. ನೀ ಬಂದಾಗ ಹೆಂಗಿತ್ತೋ ಹಂಗ ಆಗಬೇಕು,” ಎಂದೆ.

“ನಾ ಬಂದಾಗ ಹೆಂಗಿತ್ತಂತ ನನಗೇನ ಗೊತ್ತೋ? ಹಿಂದಿನ ಸೀಟಿನ್ಯಾಗ ಇಬ್ಬರ ನಡುವ ತಲಿ ಬಗ್ಗಿಸಿ, ಸೆರಗ ಹೊತಕೊಂಡ ಕುಂತಿದ್ದೆ. ಕಾಲುಂಗರ ಬಿಟ್ರ ಏನೂ ಕಂಡಿಲ್ಲ. ಆಮ್ಯಾಲೂ ಮುಂದ ಗಂಡಸರು, ಹಿಂದ ನಾವು. ಗೋಕಾಕಿನಿಂದ ಹುಕ್ಕೇರಿಗಿ ಮುಂದ ಕುಂತ ನೋಡಿದ್ರ ಹೆಂಗ ಕಾಣತೈತಿ ಅಂತ ಒಂದ ಸಲ ನೋಡಬೇಕು. ಅಷ್ಟ.”

ಒಂದೂವರೆ ವರ್ಷ ನಾನು ಏನನ್ನು ಸರಿಮಾಡುತ್ತ ಕುಳಿತಿದ್ದೆನೋ ಎಂದು ನನಗೆ ಮುಜುಗರವಾಯಿತು. ಎದ್ದು ಮೂಡಲಗಿಗೆ ಹೋದೆ. ಮಿಸ್ತ್ರಿ ಹೊಟ್ಟೆ ಹಿಡಿದುಕೊಂಡು ನಕ್ಕ. “ಶೇಂಗಾ ಎಣ್ಣಿ ಕುಡದದ್ದು ಇನ್ನ ಉಪಾಸ ಮಾಡಂದ್ರ ಮಾಡೂದಿಲ್ರಿ. ತೊಳದ ನೆರಳಾಗ ಒಣಗಸ್ರಿ, ಹೆಚ್ಚಾದದ್ದ ಕೊಯ್ರಿ, ನಡುವಿನ ಪಟ್ಟಿ ಬುಡಕ ಅಂಟಸ್ರಿ. ಒಂದ ಮೂಲ್ಯಾಗ ಸೋರತೈತಿ, ಸೋರ್ಲಿ ಬಿಡ್ರಿ.”

ಕೂಡಿಸುವ ಬಗೆಯನ್ನೂ ಅವನೇ ಹೇಳಿಕೊಟ್ಟ. ರಬ್ಬರಿನ ಹೊರ ಸೀಳಿನಲ್ಲಿ ಗಟ್ಟಿ ದಾರ ಕೂಡಿಸಿ, ಗಾಜನ್ನು ಹೊರಗಿನಿಂದ ಒತ್ತಿ ಹಿಡಿದು, ದಾರವನ್ನು ಒಳಗಿನಿಂದ ಎಳೆಯುತ್ತ ಬಂದರೆ ರಬ್ಬರಿನ ತುಟಿ ತಗಡಿನ ಮೇಲೆ ತಾನೇ ಹತ್ತಿಕೊಳ್ಳುತ್ತದೆ. ಎಳೆತ ಒಂದೇ ಸಮ ಇರಬೇಕು. ಜಗ್ಗಿದರೆ ರಬ್ಬರು ಹರಿಯುತ್ತದೆ, ಸಡಿಲ ಬಿಟ್ಟರೆ ಹತ್ತುವುದಿಲ್ಲ. ಮನೆಗೆ ಬಂದು ರಬ್ಬರನ್ನು ತೊಳೆದು ಒಣಗಿಸಿ, ಹೆಚ್ಚಾದದ್ದು ಕೊಯ್ದು ಅಂಟಿಸಿ, ಎರಡು ಸಲ ಎಳೆದೆ, ಎರಡೂ ಸಲ ಅರ್ಧಕ್ಕೇ ಕೆಟ್ಟಿತು. ಆಗ ನಾಚಿಕೆ ಬಿಟ್ಟು ಕಾಕಾನ ಕಡೆ ಹೋದೆ.

“ಅವತ್ತ ಹಂಗ ಒದರಬಾರದಾಗಿತ್ತು ಕಾಕಾ. ಎಣ್ಣಿ ಹಚ್ಚಬ್ಯಾಡ್ರಿ ಅಂತ ನಾ ಹೇಳಬೇಕಾಗಿತ್ತು, ಹೇಳ್ಲಿಲ್ಲ. ಈಗ ಈ ದಾರ ಎಳಿಯೂದ ನನ್ನ ಕೈಲಿ ಆಗವಲ್ದು.”

ಕಾಕಾ ಎದ್ದು ಬಂದ. ಕಾರಿನೊಳಗೆ ಕುಳಿತು ದಾರದ ತುದಿಯನ್ನು ಎತ್ತಿನ ಹಗ್ಗ ಹಿಡಿದ ಹಾಗೆ ಹಿಡಿದ. ನಾನು ಹೊರಗಿನಿಂದ ಗಾಜು ಒತ್ತಿದೆ. ಒಂದು ಸುತ್ತು, ನಡುವೆ ಎಲ್ಲೂ ನಿಲ್ಲದೆ ಎಳೆದು ಮುಗಿಸಿದ. ಆಮೇಲೆ, “ಹಸಿವಾಗೈತಿ,” ಎಂದ.

ಪಂಚಮಿಯ ದಿನ ಸಣ್ಣ ಮಳೆ. ಅವ್ವ ಇಳಕಲ್ಲ ಸೀರೆ ಉಟ್ಟು, ಶೇಂಗಾ ಉಂಡಿಯ ಡಬ್ಬಿ ಹಿಡಿದು ಮುಂದೆ ಕುಳಿತಳು. ಕಾಕಾ ಹಿಂದೆ. ಕೊಣ್ಣೂರ ದಾಟಿದರೂ ಅವಳ ಕಣ್ಣು ದಾರಿಯ ಮೇಲೇ. ತಲೆ ಎತ್ತಿ ನೋಡುತ್ತಿದ್ದಳು. ಕಬ್ಬು, ಗಿಡದ ಸಾಲು, ಎದುರಿಗೆ ಬರುವ ಬಸ್ಸು. ಒಮ್ಮೆ ಎಡಕ್ಕೆ ವಾಲಿದಳು, ಒಮ್ಮೆ ಬಲಕ್ಕೆ. ಕೊನೆಗೆ ಅಂದಳು: “ಎಲ್ಲಾ ಚಂದ ಐತಿ. ನಡುವ ಈ ಪಟ್ಟಿ ಒಂದ ಅಡ್ಡ ಬರತೈತಿ ನೋಡು.”

ಹಿಂದೆ ಕಾಕಾ ಕೆಮ್ಮಿದ. ಅದು ಕೆಮ್ಮಲ್ಲ ಎಂದು ನನಗೆ ಗೊತ್ತು.

ಬೆಲ್ಲದ ಬಾಗೇವಾಡಿಯ ಹತ್ತಿರ ಮೂಲೆಯಿಂದ ಸೋರಲು ಶುರುವಾಯಿತು. ಹನಿ ಸೀದಾ ಅವ್ವನ ಉಡಿಗೆ. ಕಾಕಾ ಗಡಬಡಿಸಿ ತನ್ನ ಟವೆಲ್ಲು ಮುಂದೆ ಚಾಚಿ, “ನನ್ನ ಎಣ್ಣೀ ಕೆಲಸ ವೈನಿ, ತಪ್ಪಾತು,” ಎಂದು ಅತ್ತಿಗೆಗೆ ಅಂದ.

“ಇರ್ಲಿ ಬಿಡೋ,” ಎಂದಳು ಅವ್ವ. “ಅವತ್ತೂ ಹುಕ್ಕೇರಿಯಿಂದ ಗೋಕಾಕಿನ ತನಕಾ ಅತ್ತ ಅತ್ತ ಉಡಿ ತೋಯಿಸಿಕೊಂಡ ಬಂದಿದ್ದೆ.” ಟವೆಲ್ಲನ್ನು ಹಿಂದಕ್ಕೆ ಕೊಟ್ಟುಬಿಟ್ಟಳು. ಅವಳಿಗೆ ದಾರಿಯಿಂದ ಕಣ್ಣು ತೆಗೆಯುವುದು ಬೇಕಿರಲಿಲ್ಲ.

ಹುಕ್ಕೇರಿಯಲ್ಲಿ ಮಾವ ಛತ್ರಿ ಹಿಡಿದು ಬಾಗಿಲಲ್ಲೇ ನಿಂತಿದ್ದ. ಕಾರು ನಿಂತದ್ದೇ ತಡ, ಮೊಣಕಾಲು ನೋವು ಮರೆತು ಬಂದು ಅಕ್ಕನನ್ನು ಇಳಿಸಿಕೊಳ್ಳಲು ಹಿಂದಿನ ಬಾಗಿಲು ತೆರೆದ. ಒಳಗೆ ಮಡಿಲಲ್ಲಿ ಟವೆಲ್ಲು ಇಟ್ಟುಕೊಂಡು ನಮ್ಮ ಕಾಕಾ ಕುಳಿತಿದ್ದ. ಮಾವ ಅವನನ್ನೇ ನೋಡುತ್ತ ನಿಂತ.

“ಅಲ್ಲೇನ ಹುಡಕತಿಯೋ ತಮ್ಮಾ,” ಎಂದಳು ಅವ್ವ, “ನಾ ಇಲ್ಲಿ ಮುಂದ ಅದೇನಿ.”