ಬೀರುವಿನ ಮೇಲಿನ ಖಾನೆ

ಟೈಪಕ್ಕನಿಗೆ ಆ ಹೆಸರು ಬಂದದ್ದು ಕೋರ್ಟಿನಲ್ಲಿ. ಇಪ್ಪತ್ತೊಂಬತ್ತು ವರ್ಷದಿಂದ ಸಾಕ್ಷಿಗಳು ಹೇಳಿದ್ದನ್ನೆಲ್ಲ ಕುಟ್ಟುತ್ತಾ ಕೂತವಳು. ಮೊದಲು ಟೈಪ್‌ರೈಟರ್, ಆಮೇಲೆ ಕಂಪ್ಯೂಟರ್. ಯಂತ್ರ ಬದಲಾಯಿತೇ ಹೊರತು ಸಾಕ್ಷಿಗಳು ಬದಲಾಗಲಿಲ್ಲ. ಹೋದ ಸಲ "ಕಣ್ಣಾರೆ ನೋಡಿದೀನಿ" ಎಂದವನೇ ಈ ಸಲ "ಕತ್ತಲಿತ್ತು, ಸರಿಯಾಗಿ ಕಾಣ್ಲಿಲ್ಲ" ಎನ್ನುತ್ತಿದ್ದ. ಎರಡನ್ನೂ ಅವಳೇ ಟೈಪ್ ಮಾಡಬೇಕು. ಒಂದು ಕೊಲೆ ಮೊಕದ್ದಮೆಯಂತೂ ಹದಿನಾಲ್ಕು ವರ್ಷ ಎಳೆದು, ಆರೋಪಿಯೂ ಸತ್ತು, ಸಾಕ್ಷಿಯೂ ಸತ್ತು, ಕಡೆಗೆ ಕಡತವೊಂದೇ ಗಟ್ಟಿಯಾಗಿ ಉಳಿಯಿತು. ಸಂಜೆ ಕುರ್ಚಿ ಬಿಟ್ಟು ಏಳುವ ಹೊತ್ತಿಗೆ ಬೆರಳ ಗೆಣ್ಣುಗಳು ಸೆಟೆದು ಚೀಲದ ಜಿಪ್ಪು ಎಳೆಯುವುದೂ ಕಷ್ಟವಾಗುತ್ತಿತ್ತು.

ಅಂಥವಳಿಗೆ ಇದ್ದ ಹುಚ್ಚು ಒಂದೇ: ಹಳೆಯ ಟೀವಿ ಪತ್ತೇದಾರಿ ಧಾರಾವಾಹಿಗಳ ವೀಡಿಯೊ ಕ್ಯಾಸೆಟ್ಟು. ಊರೆಲ್ಲ ಕ್ಯಾಸೆಟ್ಟು ಬಿಸಾಡಿ ಡಿಸ್ಕ್ ಹಿಡಿದು, ಡಿಸ್ಕನ್ನೂ ಬಿಸಾಡಿ ಫೋನಿಗೆ ಬಂದಾಗಲೂ ಇವಳು ಮುಚ್ಚಿಹೋಗುತ್ತಿದ್ದ ವೀಡಿಯೊ ಅಂಗಡಿಗಳ ಮೂಲೆಯಲ್ಲಿ ಮೊಣಕಾಲೂರಿ ಧೂಳು ಒರೆಸುತ್ತಿದ್ದಳು. ಔಷಧಿ ಅಂಗಡಿಯ ವಿಧವೆಯೊಬ್ಬಳು ಮಾತ್ರೆ ಕಟ್ಟಿಕೊಡುತ್ತಲೇ ಕಳ್ಳರನ್ನು ಹಿಡಿಯುವ ಸರಣಿ ಇತ್ತು. ಹಡಗಿನ ವೈದ್ಯನ ಸರಣಿ ಇತ್ತು. ಆದರೆ ಅವಳ ಜೀವ ಇದ್ದದ್ದು ಕಪ್ಪುಬಿಳುಪಿನ ಇನ್ನೊಂದು ಸರಣಿಯ ಮೇಲೆ. ಅದರ ಇನ್ಸ್‌ಪೆಕ್ಟರಿಗೆ ಐವತ್ತೆರಡು ಕಂತಿನಲ್ಲಿ ಒಂದರಲ್ಲೂ ನೆಗಡಿ ಬಿಟ್ಟಿರಲಿಲ್ಲ. ಮನೆಯಲ್ಲಿ ಅವನ ಹೆಸರೇ ನೆಗಡಿ ಸಾಹೇಬ. ಸಾಹೇಬ ಐವತ್ತು ನಿಮಿಷ ಸೀನುತ್ತಾ ಓಡಾಡಿ, ಕಡೆಗೆ ಕರವಸ್ತ್ರ ಮಡಿಸಿ ಜೇಬಿಗಿಟ್ಟು "ನೀವೇ" ಎಂದರೆ ಮುಗಿಯಿತು. ಮುಂದಿನ ವಾಯಿದೆ ಇಲ್ಲ, ಮಾತು ತಿರುಗಿಸುವ ಸಾಕ್ಷಿ ಇಲ್ಲ. ಟೈಪಕ್ಕನಿಗೆ ಆ "ನೀವೇ" ಕೇಳಿದರೆ ದಿನದ ಆಯಾಸ ಅರ್ಧ ಇಳಿಯುತ್ತಿತ್ತು.

ಮನೆಯಲ್ಲಿ ಇನ್ನೊಬ್ಬಳಿದ್ದಳು, ತಂಗಿ. ಎಂಟು ವರ್ಷದ ಹಿಂದೆ ಬಿಸ್ಕತ್ತಿನ ಕಾರ್ಖಾನೆಯ ಮೆಟ್ಟಿಲಲ್ಲಿ ಜಾರಿ ಬಿದ್ದು ಅವಳ ಕಾಲಿನ ಬಲ ಹೋಗಿತ್ತು. ಅಂದಿನಿಂದ ಅಕ್ಕನ ಮನೆಯ ಎರಡನೇ ಮಹಡಿ, ಕಿಟಕಿ ಪಕ್ಕದ ಮಂಚ. ಕಾಲು ಹೋದರೂ ನಾಲಿಗೆ ಚುರುಕಾಗಿತ್ತು. ಕಂತು ಶುರುವಾಗಿ ಹತ್ತು ನಿಮಿಷ ಆಗಿರುವುದಿಲ್ಲ, "ಅಕ್ಕಾ, ಬರೆದಿಟ್ಕೋ, ಕೊಂದಿದ್ದು ಆ ಮೀಸೆಯವನೇ" ಎನ್ನುತ್ತಿದ್ದಳು.

"ಬಾಯಿ ಮುಚ್ಕೊಂಡು ನೋಡೇ."

"ಮುಖ ನೋಡಿದ್ರೆ ಗೊತ್ತಾಗಲ್ವಾ? ಹೆಣ ನೋಡಿ ಟೋಪಿ ಸರಿಮಾಡ್ಕೊಂಡ ನೋಡು."

ಹತ್ತಕ್ಕೆ ಆರು ಸಲ ಅವಳ ಮಾತು ಸುಳ್ಳಾಗುತ್ತಿತ್ತು. ಆಗ "ಕತೆ ಬರೆದವನಿಗೇ ಗೊತ್ತಿಲ್ಲ ಬಿಡು" ಎಂದು ಮಗ್ಗುಲು ಬದಲಿಸುತ್ತಿದ್ದಳು.

ಕ್ಯಾಸೆಟ್ಟುಗಳಿಗೆಂದೇ ಗೋಡೆಗೆ ಆನಿಸಿದ ಮರದ ಬೀರು ಇತ್ತು. ಸುಲಭವಾಗಿ ಸಿಕ್ಕಿದ್ದವು ಕೆಳಗಿನ ಖಾನೆಗಳಲ್ಲಿ, ಬಹಳ ಹುಡುಕಿ ಸಿಕ್ಕಿದ್ದವು ಮೇಲಿನ ಖಾನೆಯಲ್ಲಿ, ಯಾರ ಕೈಗೂ ಎಟುಕದಂತೆ. ನೆಗಡಿ ಸಾಹೇಬನ ಮೂವತ್ತೆಂಟನೇ ಕಂತಿಗೆ ಹನ್ನೊಂದು ವರ್ಷ ಹುಡುಕಾಡಿದ್ದಳು. ಬೇರೆ ಊರಿನ ನಿವೃತ್ತ ರೈಲ್ವೆ ಗಾರ್ಡು, ಇವಳಂಥದೇ ಹುಚ್ಚಿನವರು, ಎಷ್ಟೋ ಕಾಗದ ಬರೆಸಿಕೊಂಡ ಮೇಲೆ ತಮ್ಮಲ್ಲಿದ್ದ ಎರಡು ಪ್ರತಿಯಲ್ಲಿ ಒಂದನ್ನು ಕಳಿಸಿದ್ದರು. ಅಲ್ಲಿಗೆ ಐವತ್ತೆರಡೂ ಭರ್ತಿ. ಅವತ್ತು ಟೈಪಕ್ಕ ಬೀರು ತೆರೆದಿಟ್ಟುಕೊಂಡು ಸುಮ್ಮನೆ ಎದುರಿಗೆ ಕೂತಿದ್ದಳು.

ದಿನಾ ಬೆಳಿಗ್ಗೆ ತಂಗಿಗೆ ಸ್ನಾನ ಮಾಡಿಸಿ, ಊಟದ ಡಬ್ಬಿ, ನೀರು, ಫೋನು ಕೈಗೆ ಸಿಗುವಂತೆ ಇಟ್ಟು, ಹೊರಗಿನಿಂದ ಬೀಗ ಹಾಕಿಕೊಂಡು ಹೋಗುತ್ತಿದ್ದಳು. ತಂಗಿಗೆ ಎದ್ದು ಬಾಗಿಲು ತೆಗೆಯಲಾಗುವುದಿಲ್ಲ. ತೆರೆದಿಟ್ಟರೆ ಯಾರು ನುಗ್ಗುತ್ತಾರೋ ಏನೋ. ಕೆಳಗಿನ ಮನೆಯ ಹೊಲಿಗೆಯಾಕೆ ಒಮ್ಮೆ, "ಒಂದು ಬೀಗದ ಕೈ ನನ್ಹತ್ರ ಇರ್ಲಿ ಅಕ್ಕಾ, ಮಧ್ಯಾಹ್ನ ಒಂದ್ಸಲ ಬಂದು ಮಾತಾಡಿಸ್ತೀನಿ" ಎಂದಿದ್ದಳು. "ನೋಡೋಣಮ್ಮಾ" ಎಂದಿದ್ದಳು ಟೈಪಕ್ಕ. ಜನ ಒಳಗೆ ಬಂದರೆ ಕ್ಯಾಸೆಟ್ಟು ಮುಟ್ಟುತ್ತಾರೆ, ಕೇಳುತ್ತಾರೆ, ಎರವಲು ಒಯ್ಯುತ್ತಾರೆ. ಮೂರು ವರ್ಷವಾದರೂ ಆ ನೋಡೋಣ ನೋಡೋಣವಾಗಿಯೇ ಉಳಿದಿತ್ತು.

ಅದೊಂದು ಬುಧವಾರ. ಕೋರ್ಟಿನಲ್ಲಿ ಜಮೀನಿನ ತಕರಾರಿನ ಸಾಕ್ಷಿ ನಡೆಯುತ್ತಿತ್ತು. ಒಳಗೆ ಫೋನು ತರುವ ಹಾಗಿಲ್ಲವಾದ್ದರಿಂದ ಟೈಪಕ್ಕನದು ಆಫೀಸಿನ ಡ್ರಾಯರಿನಲ್ಲಿತ್ತು. ಸಂಜೆ ತೆಗೆದು ನೋಡಿದರೆ ಮನೆಯಿಂದ ಹದಿನೇಳು ಕರೆ. ತಿರುಗಿ ಮಾಡಿದರೆ ತಂಗಿಯ ಫೋನು ಸತ್ತಿತ್ತು.

ಬಸ್ಸಿಳಿದು ಓಡುತ್ತಲೇ ಮೆಟ್ಟಿಲು ಹತ್ತಿದಳು. ಮೆಟ್ಟಿಲೆಲ್ಲ ಒದ್ದೆ. ಬಾಗಿಲ ಹೊರಗೆ, ಬೀಗದ ಕೆಳಗೆ, ಹೊಲಿಗೆಯಾಕೆ ಮಣೆ ಹಾಕಿಕೊಂಡು ಕೂತಿದ್ದಳು. ಬಾಗಿಲಿಗೆ ಮುಖ ಕೊಟ್ಟು ಏನೋ ಮಾತಾಡುತ್ತಿದ್ದಳು.

"ಮೇಲಿನ ಮನೆ ನೀರಿನ ಪೈಪು ಒಡೀತು ಅಕ್ಕಾ, ಹನ್ನೊಂದು ಗಂಟೆಗೆ. ಇವಳು ಕೂಗಿದ್ದು ಕೇಳಿ ಬಂದೆ. ಗೇಟಿನವನನ್ನ ಹುಡುಕಿ ನಲ್ಲಿ ಬಂದ್ ಮಾಡ್ಸೋ ಹೊತ್ತಿಗೆ ನೀರು ಒಳಗೆಲ್ಲ ತುಂಬ್ತು. ಬೀಗ ಒಡೆಸ್ಲಾ ಅಂದೆ. ಬೇಡ, ಅಕ್ಕ ಬರ್ತಾಳೆ ಅಂದ್ಲು. ಅದಕ್ಕೇ ಇಲ್ಲೇ ಕೂತೆ."

ಟೈಪಕ್ಕ ಚೀಲದಿಂದ ಬೀಗದ ಕೈ ತೆಗೆದಳು. ಹೊಲಿಗೆಯಾಕೆ ಅದನ್ನು ಇಸಿದುಕೊಂಡು ಬಾಗಿಲು ತೆರೆದಳು.

ತಂಗಿ ಮಂಚದ ಮೇಲಿರಲಿಲ್ಲ. ಬೀರುವಿನ ಬುಡದಲ್ಲಿ, ಮೂರು ಬೆರಳು ನೀರಿನಲ್ಲಿ, ಗೋಡೆಗೆ ಒರಗಿ ಕೂತಿದ್ದಳು. ಚಾವಣಿಯಿಂದ ಗೋಡೆ ಹಿಡಿದು ಇಳಿದ ನೀರು ಬೀರುವಿನ ಬೆನ್ನು ಸೀಳಿಕೊಂಡು ನುಗ್ಗಿತ್ತು. ಮಂಚದಿಂದ ಅಲ್ಲಿಗೆ ಹತ್ತು ಅಡಿ ಮೊಣಕೈಯಲ್ಲಿ ತೆವಳಿದ್ದಳು. ಎರಡೂ ಮೊಣಕೈ ತರಚಿ ಹೋಗಿದ್ದವು. ಮಡಿಲಲ್ಲಿ, ಊಟಕ್ಕೆ ಹಾಸುವ ತನ್ನ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಟ್ಟುಕೊಂಡಿದ್ದ ಹನ್ನೊಂದು ಕ್ಯಾಸೆಟ್ಟು. ತುಟಿ ನೀಲಿಗಟ್ಟಿತ್ತು.

ಟೈಪಕ್ಕನ ಬಾಯಿಂದ ಮೊದಲು ಬಂದ ಮಾತು, "ಮೂವತ್ತೆಂಟು ಎಲ್ಲೇ?"

ತಂಗಿ ಅಕ್ಕನ ಮುಖ ನೋಡಿದಳು. "ಮೇಲಿನ ಖಾನೆಗೆ ಕೈ ಎಟುಕ್ಲಿಲ್ಲ ಅಕ್ಕಾ," ಎಂದಳು.

ಹೊಲಿಗೆಯಾಕೆ ನೀರಿಗಿಳಿದು ತಂಗಿಯ ತೋಳಿನಡಿ ಕೈ ಹಾಕಿದಳು. ಆಗ ಟೈಪಕ್ಕನಿಗೆ ತಾನು ಏನು ಕೇಳಿದೆ ಎಂಬುದು ಕಿವಿಗೆ ಬಿತ್ತು. ಬೇರೆಯವರು ಆಡಿದ ಮಾತನ್ನು ಆಡಿದ ಹಾಗೆಯೇ ದಾಖಲು ಮಾಡುವುದು ಅವಳ ಕಸುಬು. ಈ ಮಾತು ಮಾತ್ರ ಎಲ್ಲೂ ದಾಖಲಾಗದಿರಲಿ ಅನ್ನಿಸಿತು. ಇಬ್ಬರೂ ಸೇರಿ ಎತ್ತಿ ಮಂಚಕ್ಕೆ ಹಾಕಿದರು. ಒದ್ದೆ ಬಟ್ಟೆ ಬಿಚ್ಚಿ, ಒರೆಸಿ, ಎರಡು ಕಂಬಳಿ ಹೊದಿಸಿದರು. ತಂಗಿಗೆ ಮೂರು ದಿನ ಜ್ವರ ಬಂತು. ಟೈಪಕ್ಕ ರಜೆ ಹಾಕಿ ಮಂಚದ ಪಕ್ಕದಲ್ಲೇ ಕೂತಳು. ಬೀರುವಿನ ಕಡೆ ಹೋಗಲಿಲ್ಲ.

ನಾಲ್ಕನೇ ದಿನ ಜ್ವರ ಇಳಿಯಿತು. ಗಂಜಿ ಕುಡಿಸುತ್ತಾ ಟೈಪಕ್ಕ, "ಅವತ್ತು ಬಂದವಳೇ ನಾನು ಕೇಳಿದ್ದು..." ಎಂದು ಶುರು ಮಾಡಿದಳು.

"ಬಿಡೇ. ಅಷ್ಟು ವರ್ಷ ಹುಡುಕಿದ್ದಲ್ವಾ."

"ಬಿಡೋ ಮಾತಲ್ಲ ಅದು."

"ಹಾಗಾದ್ರೆ ಬಿಡಬೇಡ. ಆ ಬೀಗದ ಕೈ ಕೆಳಗೆ ಕೊಟ್ಟು ಬಾ." ತಂಗಿ ಚಮಚವನ್ನು ಪಕ್ಕಕ್ಕೆ ಸರಿಸಿದಳು. "ಆರು ಗಂಟೆ ಹೊತ್ತು ಅಕ್ಕಾ. ಬಾಗಿಲಾಚೆ ಅವಳಿದ್ದಾಳೆ, ಈಚೆ ನಾನಿದ್ದೀನಿ. ಅವಳು ಗಂಟಲು ಒಣಗೋವರೆಗೂ ಮಾತಾಡಿದ್ಲು, ನಾನು ನಿದ್ದೆ ಹೋಗ್ಬಾರ್ದು ಅಂತ. ಒಡೆಸ್ತೀನಿ ಅಂದ್ಲು, ನಾನೇ ಬೇಡ ಅಂದೆ. ನಿನಗೆ ಸಿಟ್ಟು ಬರತ್ತೆ ಅಂತ."

ಟೈಪಕ್ಕ ಬಟ್ಟಲು ಕೆಳಗಿಟ್ಟಳು. ಅಳುವಷ್ಟೂ ತ್ರಾಣ ಅವಳಲ್ಲಿರಲಿಲ್ಲ. ಎದ್ದು, ಸೆರಗು ಸರಿಮಾಡಿಕೊಂಡು, ಮೆಟ್ಟಿಲಿಳಿದು, ಹೊಲಿಗೆ ಯಂತ್ರದ ಮೇಲೆ ಬೀಗದ ಕೈ ಇಟ್ಟು ಬಂದಳು. ಹೊಲಿಗೆಯಾಕೆ ಯಂತ್ರ ನಿಲ್ಲಿಸಲಿಲ್ಲ, ತಲೆಯಾಡಿಸಿದಳು.

ಕ್ಯಾಸೆಟ್ಟುಗಳನ್ನು ಒಣಗಿಸುವ ಪ್ರಯತ್ನವೇನೋ ಆಯಿತು. ಫ್ಯಾನಿನ ಕೆಳಗೆ ಹರವಿದರು, ಪೆನ್ಸಿಲಿನಲ್ಲಿ ಸುತ್ತಿದರು. ಟೇಪು ಒಂದಕ್ಕೊಂದು ಅಂಟಿ ಹಪ್ಪಳದಂತಾಗಿತ್ತು. ಮೂವತ್ತೆಂಟನ್ನು ಹಾಕಿದರೆ ವೀಡಿಯೊ ಯಂತ್ರ ಎರಡು ನಿಮಿಷ ಬೂದುಬಣ್ಣದ ಮಳೆ ತೋರಿಸಿ ಟೇಪು ನುಂಗಿತು. ಬೆರಳಿಗೆ ತುಕ್ಕಿನ ವಾಸನೆ ಹತ್ತಿದ್ದಷ್ಟೇ ಬಂತು. ಒಟ್ಟು ಉಳಿದದ್ದು ತಂಗಿ ಮಡಿಲಲ್ಲಿಟ್ಟುಕೊಂಡಿದ್ದ ಹನ್ನೊಂದು: ಸಾಹೇಬನವು ಏಳು, ವಿಧವೆಯವು ನಾಲ್ಕು. ವೈದ್ಯ ಹಡಗಿನ ಸಮೇತ ಮುಳುಗಿದ್ದ.

ಗಾರ್ಡಿಗೆ ವಿಷಯ ಬರೆದಳು. ವಾರದೊಳಗೆ ಉತ್ತರ ಬಂತು: ಧೈರ್ಯ ಬಿಡಬೇಡಿ, ನನ್ನಲ್ಲಿರುವುದನ್ನೆಲ್ಲ ನಕಲು ಮಾಡಿಕೊಡುತ್ತೇನೆ, ಒಂದೆರಡು ವರ್ಷದಲ್ಲಿ ಮತ್ತೆ ಐವತ್ತೆರಡೂ ಆಗುತ್ತವೆ. ಟೈಪಕ್ಕ ಕಾಗದವನ್ನು ಎರಡು ಸಲ ಓದಿದಳು. ಮತ್ತೆ ಒಂದರಿಂದ ಎಣಿಸುವುದನ್ನು ನೆನೆದೇ ಸುಸ್ತಾಯಿತು. ನಿಮ್ಮ ಉಪಕಾರ ದೊಡ್ಡದು, ಇಷ್ಟು ಸಾಕು ಎಂದು ಒಂದೇ ಸಾಲು ಬರೆದು ಹಾಕಿದಳು.

ಈಗ ಸಂಜೆ ಅವಳು ಬರುವ ಹೊತ್ತಿಗೆ ಬಾಗಿಲು ಓರೆಯಾಗಿರುತ್ತದೆ. ಹೊಲಿಗೆಯಾಕೆ ಗುಂಡಿ ಹಾಕುವ ಅಂಗಿಗಳನ್ನು ಮೇಲೆಯೇ ತಂದು ಮಂಚದ ತುದಿಯಲ್ಲಿ ಕೂತಿರುತ್ತಾಳೆ. ಟೀವಿಯಲ್ಲಿ ಸಾಹೇಬ ಸೀನುತ್ತಿರುತ್ತಾನೆ. ಮೊನ್ನೆಯೂ ಹಾಗೆಯೇ ಆಯಿತು. ಟೈಪಕ್ಕ ಒಳಗೆ ಕಾಲಿಟ್ಟಾಗ ಸಾಹೇಬ ಕರವಸ್ತ್ರ ಮಡಿಸಿ ಆಗಿತ್ತು. ಹೊಲಿಗೆಯಾಕೆ ದಾರ ಕಚ್ಚುತ್ತಾ, "ಅಲ್ಲಮ್ಮಾ, ಇಷ್ಟು ಚಂದದ ಹುಡುಗಿ ವಿಷ ಹಾಕಿದ್ಲು ಅಂದ್ರೆ ನಂಬೋಕಾಗುತ್ತಾ?" ಎನ್ನುತ್ತಿದ್ದಳು. ತಂಗಿ ಕೈ ಬೀಸಿ ಏನೋ ವಾದ ಹೂಡಿದ್ದಳು.

"ಟೀ ಆರಿದೆ, ಬಿಸಿ ಮಾಡ್ಕೋ ಅಕ್ಕಾ," ಎಂದಳು ತಂಗಿ, ತಿರುಗಿಯೂ ನೋಡದೆ.

ಬಿಸಿ ಮಾಡಿಕೊಳ್ಳಲಿಲ್ಲ ಅವಳು. ಚೀಲ ಕೆಳಗಿಟ್ಟು, ಗೋಡೆಗೆ ಒರಗಿ ನೆಲದ ಮೇಲೆ ಕೂತು, ಕಾಲು ಚಾಚಿ, ಆರಿದ ಟೀಯನ್ನೇ ಕುಡಿದಳು.