ಕೋಟೆಯಲ್ಲಿ ಅಕ್ಕ ಹೇಳುತ್ತಿದ್ದದ್ದು

ನನ್ನ ಭಾವನಿಗೆ ಜನ ಇಟ್ಟ ಹೆಸರು ಉಶ್ಶಣ್ಣ. ಪ್ರವಾಸಿಗರನ್ನು ಕಾಡಿಗೆ ಕರೆದೊಯ್ದು ಪ್ರಾಣಿ ತೋರಿಸುವುದು ಅವರ ಕೆಲಸ. ಜೀಪಿನಲ್ಲಿ ಯಾರಾದರೂ ಬಾಯಿ ತೆರೆದರೆ ಸಾಕು, ತುಟಿಯ ಮೇಲೆ ಬೆರಳಿಟ್ಟು "ಉಶ್" ಅನ್ನುತ್ತಿದ್ದರು. ಅದೇ ಬೆರಳು ಪೊದೆಯ ಕಡೆ ತಿರುಗಿದರೆ ಅಲ್ಲೊಂದು ಕರಡಿ ಮೈ ಕೆರೆದುಕೊಳ್ಳುತ್ತಾ ಇರುತ್ತಿತ್ತು. ಮನೆಯಲ್ಲೂ ಮಾತು ಅಷ್ಟಕ್ಕಷ್ಟೇ. ಚಹಾಕ್ಕೆ ಸಕ್ಕರೆ ಕಮ್ಮಿಯಾದರೆ ಲೋಟವನ್ನು ಸ್ವಲ್ಪ ಮುಂದಕ್ಕೆ ತಳ್ಳುವರು, ಉಳಿದದ್ದನ್ನು ನಮ್ಮಕ್ಕ ಅರ್ಥ ಮಾಡಿಕೊಳ್ಳಬೇಕು.

ಅಕ್ಕನದು ತದ್ವಿರುದ್ಧ. ಅದೇ ಪ್ರವಾಸದ ಮಧ್ಯಾಹ್ನದ ಪಾಲು ಅವಳದು. ಬೆಳಿಗ್ಗೆ ಕಾಡು ನೋಡಿ ಬಂದವರಿಗೆ ಹಳೇ ಕೋಟೆ ತೋರಿಸಬೇಕು, ರಾಜರಾಣಿಯರ ಕಥೆ ಹೇಳಬೇಕು. ಗಂಡ ಮುಚ್ಚಿಸಿದ ಬಾಯಿಗಳನ್ನೆಲ್ಲ ಹೆಂಡತಿ ತೆರೆಸುತ್ತಾಳೆ ಅಂತ ನಮ್ಮ ಕಂಪನಿಯ ಯಜಮಾನಿ ನಗುತ್ತಿದ್ದರು. ನಾನು ಅದೇ ಕಂಪನಿಯ ವ್ಯಾನ್ ಓಡಿಸುವವನು. ನನಗೆ ಅಕ್ಕ ಹೇಳುತ್ತಿದ್ದದ್ದು ಬ್ರೇಕ್ ನೋಡಿಸೋ, ಹೊಟ್ಟೆಗೆ ಏನಾದರೂ ಹಾಕ್ಕೊಳೋ, ಇಷ್ಟೇ. ರಾಜರಾಣಿಯರೆಲ್ಲ ದುಡ್ಡು ಕೊಟ್ಟು ಬಂದವರಿಗೆ.

ಅಕ್ಕ ಗುಂಪನ್ನು ಕರೆದುಕೊಂಡು ಕೋಟೆಯೊಳಗೆ ಹೋದರೆ ಭಾವ ವ್ಯಾನಿನ ಹಿಂದಿನ ಸೀಟಿನಲ್ಲಿ ಕಾಲು ಚಾಚಿ, ಮುಖದ ಮೇಲೆ ಟೋಪಿ ಎಳೆದುಕೊಂಡು ಗೊರಕೆ ಶುರುಮಾಡುವರು. ಬೆಳಕು ಹರಿಯುವ ಮೊದಲೇ ಎದ್ದ ಮನುಷ್ಯ, ತಪ್ಪೇನಲ್ಲ. ಆದರೂ ನನಗೆ ಒಳಗೊಳಗೇ ಉರಿಯುತ್ತಿತ್ತು. ಹೆಂಡತಿ ಬಿಸಿಲಲ್ಲಿ ಗಂಟಲು ಹರಿದುಕೊಳ್ಳುತ್ತಾಳೆ, ಒಂದು ದಿನವಾದರೂ ಹೋಗಿ ಕೇಳಬಾರದೇ? ಅಕ್ಕನಿಗೆ ಹಾಗೇನೂ ಇರಲಿಲ್ಲ. ಹೊರಗೆ ಬಂದವಳು ವ್ಯಾನಿನ ಗಾಜು ತಟ್ಟುವಳು. ಭಾವ ಕಣ್ಣು ಪೂರಾ ಬಿಡದೆಯೇ ನೀರಿನ ಬಾಟಲಿಯ ಮುಚ್ಚಳ ತೆಗೆದು ಅವಳ ಕೈಗೆ ಕೊಡುವರು. ಅವರ ಸಂಸಾರ ಹಾಗೆ ನಡೆದಿತ್ತು, ಚೆನ್ನಾಗಿಯೇ ನಡೆದಿತ್ತು.

ಹೋದ ವರ್ಷ ಅಕ್ಕನಿಗೆ ಜ್ವರ ಬಂತು. ಮಾಮೂಲಿ ಜ್ವರ ಅಂದುಕೊಂಡೆವು. ನಡೆದುಕೊಂಡೇ ಆಸ್ಪತ್ರೆ ಮೆಟ್ಟಿಲು ಹತ್ತಿದವಳು ವಾಪಸ್ ಇಳಿಯಲಿಲ್ಲ. ಇದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯುವುದು ನನ್ನ ಕೈಲಾಗದು.

ಭಾವ ಅಳಲಿಲ್ಲ. ಕೆಲಸಕ್ಕೆ ಬಂದರು, ಕಾಡಿಗೆ ಹೋದರು, ಬೆರಳು ತೋರಿಸಿದರು. ಕೋಟೆಯ ಪಾಲನ್ನು ಯಜಮಾನಿ ಕೆಲವು ವಾರ ನಿಲ್ಲಿಸಿದ್ದರು. ಒಂದು ದಿನ ನಮ್ಮಿಬ್ಬರನ್ನೂ ಆಫೀಸಿಗೆ ಕರೆಸಿದರು. ಚಪ್ಪಲಿ ಅಂಗಡಿಯ ಮೇಲಿನ ಸಣ್ಣ ಕೋಣೆ. ಕೂತರೆ ಮೊಣಕಾಲು ಮೇಜಿಗೆ ತಾಗುತ್ತದೆ, ಕೆಳಗಿನಿಂದ ಹೊಸ ಚರ್ಮದ ವಾಸನೆ ಬರುತ್ತದೆ.

"ಕೋಟೆಗೆ ಒಬ್ಬ ಹುಡುಗಿಯನ್ನ ನೋಡಿದೀನಿ. ಓದಿಕೊಂಡಿದಾಳೆ, ಚೆನ್ನಾಗಿ ಮಾತಾಡ್ತಾಳೆ" ಅಂದರು ಯಜಮಾನಿ, ತುಂಬ ಮೆತ್ತಗೆ.

"ಬೇಡ" ಅಂದರು ಭಾವ. "ಕೋಟೆ ನಾನೇ ಹೇಳ್ತೀನಿ."

"ನಿಮಗೆ ಬರುತ್ತಾ?"

"ಇಷ್ಟು ವರ್ಷ ಜೊತೆಗೇ ಹೋಗಿದೀನಲ್ಲ."

ನಾನು ನಾಲಿಗೆ ಕಚ್ಚಿಕೊಂಡೆ. ಯಜಮಾನಿ ಒಂದು ಗುಂಪು ಕೊಟ್ಟು ನೋಡುತ್ತೇನೆ, ಸರಿಹೋಗದಿದ್ದರೆ ಆ ಹುಡುಗಿಯೇ ಅಂದರು. ಮೆಟ್ಟಿಲಿಳಿಯುವಾಗ ತಡೆಯಲಾಗದೆ ಕೇಳಿಯೇಬಿಟ್ಟೆ. "ಭಾವ, ನೀವು ಆ ಬಾಗಿಲು ದಾಟಿ ಒಳಗೆ ಹೋಗಿದ್ದು ಯಾವಾಗ?"

ಅವರು ಕಂಬಿ ಹಿಡಿದು ನಿಂತರು. "ಅವಳ ಜಾಗದಲ್ಲಿ ಬೇರೆ ಯಾರೋ ನಿಂತು ಮಾತಾಡೋದನ್ನ ನನ್ನ ಕೈಲಿ ನೋಡಕ್ಕಾಗಲ್ಲ ಕಣೋ" ಅಂದರು. ಅವರ ಬಾಯಿಂದ ಅಷ್ಟುದ್ದದ ಮಾತು ನಾನು ಕೇಳಿದ್ದು ಅದೇ ಮೊದಲು. ಸಿಟ್ಟೆಲ್ಲ ಇಳಿದುಹೋಯಿತು.

ಆ ಗುಂಪು ಬಂದ ದಿನ ವ್ಯಾನ್ ನೋಡಿಕೋ ಅಂತ ಕೋಟೆಯ ಕಾವಲುಗಾರನಿಗೆ ಹೇಳಿ ನಾನೂ ಗುಂಪಿನ ಹಿಂದೆ ಹೊರಟೆ. ಭಾವ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಹೆಬ್ಬಾಗಿಲ ಹತ್ತಿರ ಜನ ಗುಜುಗುಜು ಮಾತಾಡುತ್ತಿದ್ದರು. ಭಾವ ಅಭ್ಯಾಸಬಲದಿಂದ ತುಟಿಗೆ ಬೆರಳಿಟ್ಟು "ಉಶ್" ಅಂದರು. ಎಲ್ಲರೂ ಗಪ್‌ಚಿಪ್. ಇಬ್ಬರು ಬಗ್ಗಿಯೇಬಿಟ್ಟರು. ಒಬ್ಬ ಕ್ಯಾಮೆರಾ ಎತ್ತಿ ಕೋಟೆಯ ಗೋಡೆಯ ಮೇಲೆ ಚಿರತೆ ಹುಡುಕತೊಡಗಿದ. ಬೇರೆ ದಿನವಾಗಿದ್ದರೆ ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

ಬಾಗಿಲ ಪಕ್ಕದ ಫಲಕದಲ್ಲಿದ್ದದ್ದನ್ನು ಭಾವ ಬಾಯಿಪಾಠ ಮಾಡಿಕೊಂಡು ಬಂದಿದ್ದರು. ಯಾರು ಕಟ್ಟಿಸಿದರು, ಯಾರು ಕೆಡವಿದರು. ಅದನ್ನೂ ಕಾಡಿನ ದನಿಯಲ್ಲೇ, ಪಿಸುಪಿಸು ಅಂತ. ಹಿಂದಿದ್ದವರು "ಏನಂತೆ, ಏನಂತೆ" ಅನ್ನುತ್ತಿದ್ದರು. ನಾವು ಅಂಗಳಕ್ಕೆ ಬರುವಷ್ಟರಲ್ಲಿ ಫಲಕದ ಪಾಠ ಮುಗಿಯಿತು. ಆಮೇಲೆ "ಇದು ಗೋಡೆ", "ಇದು ಬಾವಿ". ಅವರ ಕುತ್ತಿಗೆಯ ಮೇಲೆ ಬೆವರು ಇಳಿಯುವುದು ನನಗೆ ಕಾಣುತ್ತಿತ್ತು.

ಮಹಡಿಯ ಮೇಲೊಂದು ಚಿಕ್ಕ ಕೋಣೆ. ಗೋಡೆಯೊಳಗೇ ಕೊರೆದ ಕಲ್ಲಿನ ಆಸನ, ಅದರೆದುರು ಕಿಟಕಿ, ಕಿಟಕಿಯಾಚೆ ಕಾಡು. ಭಾವ ಅಲ್ಲಿ ನಿಂತವರು ಬಾಯಿ ತೆರೆದರು, ಮುಚ್ಚಿದರು. ಗುಂಪಿನಲ್ಲಿ ಒಬ್ಬ ವಯಸ್ಸಾದ ಹೆಂಗಸು ಇದ್ದರು, ಬಟ್ಟೆ ಹೊಲಿಯುವವರು. ಹಿಂದೊಮ್ಮೆ ಇದೇ ಪ್ರವಾಸಕ್ಕೆ ಬಂದಿದ್ದರಂತೆ. ಅವರಿಗೆ ಪಾಪ ಅನ್ನಿಸಿರಬೇಕು.

"ಇದು ರಾಣಿ ಕೂತ್ಕೋತಿದ್ದ ಜಾಗ ಅಲ್ವಾ? ಹೋದ ಸಲ ಗೈಡಮ್ಮ ಒಬ್ರು ಎಷ್ಟು ಚೆನ್ನಾಗಿ ಹೇಳಿದ್ರು! ಅವರು ಬರಲಿಲ್ವಾ ಈ ಸಲ?"

ಭಾವ "ಏನು ಹೇಳಿದ್ಲು?" ಅಂದರು.

"ರಾಜ ಬೆಳಗಾಗೋ ಮುಂಚೆನೇ ಬೇಟೆಗೆ ಹೊರಡೋನಂತೆ. ರಾಣಿಗೆ ಎಚ್ಚರ ಆಗಬಾರದು ಅಂತ ಕಳ್ಳನ ಥರ ಹೆಜ್ಜೆ ಇಡೋನಂತೆ. ಅವಳಿಗೆ ಎಚ್ಚರ ಇರ್ತಿತ್ತಂತೆ ಕಣ್ರೀ! ಎದ್ದಿದೀನಿ ಅಂತ ಗೊತ್ತಾದ್ರೆ ಅವನಿಗೆ ಹೋಗಕ್ಕೆ ಮನಸ್ಸು ಬರಲ್ಲ ಅಂತ ನಿದ್ದೆ ಬಂದೋಳ ಥರ ಮಲಗಿರ್ತಿದ್ಲಂತೆ. ಅವನು ಬಾಗಿಲು ದಾಟಿದ ಮೇಲೆ ಎದ್ದು ಇಲ್ಲಿ ಕೂತು, ಕಾಡು ನೋಡ್ತಾ ನೋಡ್ತಾ, ಇವತ್ತೊಂದಿನ ಕ್ಷೇಮವಾಗಿ ಬರ್ಲಿ, ಇವತ್ತೊಂದಿನ ಬರ್ಲಿ ಅಂತ ದಿನಾ ಅಂದ್ಕೊಳ್ತಿದ್ಲಂತೆ." ಆಕೆ ನಕ್ಕರು. "ರಾಣಿ ಮನಸ್ಸು ನಿಮಗೆ ಹೇಗಮ್ಮಾ ಗೊತ್ತು ಅಂತ ನಾನೇ ಕೇಳಿದ್ದೆ. ನಮ್ಮನೆಯವರೂ ಕಾಡಿಗೆ ಹೋಗ್ತಾರೆ ಕಣಮ್ಮಾ, ಅಂದ್ರು."

ಭಾವ ಆ ಕಲ್ಲಿನ ಆಸನದ ಮೇಲೆ ಕೈಯಿಟ್ಟರು.

"ಅವಳು ಮಲಗಿರ್ತಿದ್ಲು" ಅಂದರು ಭಾವ. ನಮಗಲ್ಲ, ಆ ಕಲ್ಲಿಗೆ ಹೇಳಿದ ಹಾಗಿತ್ತು. "ನಾನು ಚಪ್ಪಲಿ ಕೈಯಲ್ಲಿ ಹಿಡ್ಕೊಂಡು ಹೊರಗೆ ಬರ್ತಿದ್ದೆ. ಅವಳು ಮಲಗಿರ್ತಿದ್ಲು."

ಆ ಹೆಂಗಸಿಗೆ ಅರ್ಥವಾಯಿತು. ಬಾಯಿಗೆ ಸೆರಗು ಒತ್ತಿಕೊಂಡರು.

"ಇನ್ನೇನು ಹೇಳಿದ್ಲಮ್ಮಾ?" ಭಾವ ಕೇಳಿದರು.

"ಇನ್ನೂ ಹೇಳ್ತಾನೇ ಇದ್ರಪ್ಪಾ... ನಮ್ಮೋರು ಫೋಟೋಕ್ಕೆ ಅಂತ ಕರೆದ್ರು, ನಾನು ಆಚೆ ಹೋದೆ." ಆಕೆ ಅಳುತ್ತಿದ್ದರು. ನಾನೂ ಕಿಟಕಿಯ ಕಡೆ ತಿರುಗಿ ನಿಂತೆ.

ವಾಪಸ್ ಬರುವಾಗ ಭಾವ ಹಿಂದಿನ ಸೀಟಿಗೆ ಹೋಗಲಿಲ್ಲ, ನನ್ನ ಪಕ್ಕ ಕೂತರು. "ಆ ಹುಡುಗಿಯನ್ನೇ ಹಾಕ್ಕೊಳಕ್ಕೆ ಹೇಳು ಯಜಮಾನಿಗೆ. ನಿಮ್ಮಕ್ಕ ಹೇಳ್ತಿದ್ದದ್ದು ನನಗೆ ಗೊತ್ತಿಲ್ಲ" ಅಂದರು.

ಆದರೆ ಅಲ್ಲಿಗೇ ಬಿಡಲಿಲ್ಲ. ಬಿಡುವು ಸಿಕ್ಕಾಗಲೆಲ್ಲ ಕೋಟೆಗೆ ಹೋಗುತ್ತಾರೆ, ಕೆಲವು ಸಲ ನಾನೇ ಬಿಟ್ಟು ಬರುತ್ತೇನೆ. ಮಾತೇ ಆಡದ ಮನುಷ್ಯ ಅಲ್ಲಿ ಸಿಕ್ಕಸಿಕ್ಕವರನ್ನು ನಿಲ್ಲಿಸಿ ಮಾತಾಡಿಸುತ್ತಾರೆ. ರಾಣಿ ಕೋಣೆಯಲ್ಲಿ ಆಮೇಲೆ ಏನು ಹೇಳ್ತಿದ್ಲು? ಬಾವಿ ಹತ್ತಿರ ಏನು ಹೇಳ್ತಿದ್ಲು? ಟಿಕೆಟ್ ಕೊಡುವವಳಿಗೆ ಅಕ್ಕನ ನಗು ನೆನಪಿದೆ, ಮಾತು ನೆನಪಿಲ್ಲ. ಕಸ ಗುಡಿಸುವ ಅಜ್ಜಿಗೆ ಯಾವುದೋ ಆನೆಯ ಕಥೆಯ ಅರ್ಧ ಗೊತ್ತು. ಆ ಅರ್ಧವನ್ನೇ ಭಾವ ಎರಡೆರಡು ಸಲ ಹೇಳಿಸಿಕೊಂಡರು.

ಮೊನ್ನೆ ಕಾವಲುಗಾರನನ್ನು ಹಿಡಿದುಕೊಂಡಿದ್ದರು. ಎಷ್ಟೋ ವರ್ಷ ಅಕ್ಕನ ಹಿಂದೆಯೇ ಬೀಗದ ಕೈ ಹಿಡಿದು ಓಡಾಡಿದವನು ಅವನು. ತಲೆ ಕೆರೆದುಕೊಂಡ, ಕಣ್ಣು ಮುಚ್ಚಿ ನೋಡಿದ, ಏನೂ ಬರಲಿಲ್ಲ.

"ದಿನಾ ಕೇಳ್ತಿದ್ವಲ್ಲಣ್ಣಾ" ಅಂದ, ತಪ್ಪು ಮಾಡಿದವನ ಹಾಗೆ. "ಯಾರು ನೆನಪಿಟ್ಕೋತಾರೆ? ನಾಳೆನೂ ಬರ್ತಾರೆ, ನಾಳೆನೂ ಹೇಳ್ತಾರೆ ಅಂತ ಇದ್ದುಬಿಟ್ವಿ."

ಭಾವ ಅವನ ಹೆಗಲ ಮೇಲೆ ಕೈಯಿಟ್ಟರು. "ನಾನೂ ಹಾಗೇ ಅಂದ್ಕೊಂಡಿದ್ದೆ ಕಣಪ್ಪಾ" ಅಂದರು.